ಕವಿರಾಜಮಾರ್ಗದ ಕಾಲ ಮತ್ತು ಕರ್ತೃತ್ವ : ಒಂದು ಪರಿಶೀಲನೆ

೧. ಪೀಠಿಕೆ

ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಗ್ರಂಥಗಳಲ್ಲಿ ಕವಿರಾಜಮಾರ್ಗವೇ ಅತ್ಯಂತ ಪ್ರಾಚೀನವಾದುದೆಂಬುದು ಸರ್ವವಿದಿತ. ಅದು ಕಥೆಯಲ್ಲ, ಪುರಾಣವಲ್ಲ. ಮಾತನ್ನು ಹೇಗೆ ಕಟ್ಟಬೇಕು, ಎಲ್ಲಿ ಅದು ಕೆಡುತ್ತದೆ, ಯಾವುದರಿಂದ ಅದಕ್ಕೆ ಸೊಬಗು ಬರುತ್ತದೆ ಎಂಬುದನ್ನು ತಿಳಿಸುವ ಲಕ್ಷಣಗ್ರಂಥ. ಒಂದು ಭಾಷೆಯ ಸಾಹಿತ್ಯದಲ್ಲಿ ಮೊದಲು ಉಳಿದು ಬಂದ ಪುಸ್ತಕವೇ ಶಿಕ್ಷಕನ ಪುಸ್ತಕವಾಗಿರುವುದು ನಮ್ಮ ವೃತ್ತಿಯವರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ.

ಆದರೆ ಆ ಪುಸ್ತಕವನ್ನು ಬರೆದವರು ಯಾರು? ಯಾವಾಗ ಬರೆದರು? ಇದಕ್ಕೆ ನಾವು ತರಗತಿಯಲ್ಲಿ ಕೊಡುವ ಉತ್ತರ ಒಂದೇ ಸಾಲಿನದು: ‘ಕ್ರಿ.ಶ. ೮೫೦ರಲ್ಲಿ ನೃಪತುಂಗನು ಕವಿರಾಜಮಾರ್ಗವನ್ನು ಬರೆದನು.’ ನಾನೂ ಬಹಳ ವರ್ಷ ಹಾಗೆಯೇ ಪಾಠ ಹೇಳಿದವನು. ನಾನು ಇನ್ನೂ ಸಹಾಯಕ ಉಪಾಧ್ಯಾಯನಾಗಿದ್ದಾಗ ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ ಈ ಪ್ರಶ್ನೆಗೆ ‘ಶ್ರೀವಿಜಯ’ ಎಂದು ಉತ್ತರ ಬರೆದಿದ್ದ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಮನೆಯಲ್ಲಿದ್ದ ಹಳೆಯ ಪುಸ್ತಕವೊಂದರಲ್ಲಿ ಹಾಗಿದೆ ಎಂದು ಅವನು ಅಂಜುತ್ತಲೇ ಹೇಳಿದ. ‘ಪಠ್ಯಪುಸ್ತಕದಲ್ಲಿ ಏನಿದೆಯೋ ಅದನ್ನು ಬರಿ’ ಎಂದು ಗದರಿಸಿ ಕಳುಹಿಸಿದೆ. ಆ ಒಂದು ಅಂಕದ ಋಣ ನನ್ನ ಮೇಲೆ ಇನ್ನೂ ಇದೆ. ಈ ಲೇಖನ ಅದನ್ನು ತೀರಿಸುವ ಒಂದು ಪ್ರಯತ್ನವೆಂದು ವಾಚಕರು ಭಾವಿಸಬಹುದು.

ಆ ಒಂದು ಸಾಲಿನ ಉತ್ತರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಗ್ರಂಥದ ಕಾಲ ಯಾವುದು? ಅದನ್ನು ರಚಿಸಿದ ಕೈ ಯಾರದು? ಅದರಲ್ಲಿ ಹೇಳಿರುವ ಮತ ಯಾರದು? ಇವನ್ನು ಬಿಡಿಸಿ ನೋಡಿದರೆ ಮೊದಲನೆಯದಕ್ಕೆ ಗಟ್ಟಿಯಾದ ಉತ್ತರವೂ, ಎರಡನೆಯದಕ್ಕೆ ಬಲವಾದ ಊಹೆಯೂ, ಮೂರನೆಯದಕ್ಕೆ ಗ್ರಂಥವೇ ಕೊಡುವ ಉತ್ತರವೂ ಸಿಕ್ಕುತ್ತವೆ ಎಂಬುದನ್ನು ತೋರಿಸುವುದೇ ಇಲ್ಲಿಯ ಉದ್ದೇಶ.

೨. ಕಾಲ

ಕವಿರಾಜಮಾರ್ಗದಲ್ಲಿ ಶಕವರ್ಷವನ್ನು ಹೇಳುವ ಪದ್ಯವಿಲ್ಲ. ಹಾಗಿದ್ದರೂ ಅದರ ಕಾಲ ನಮಗೆ ತಿಳಿದಿರುವುದು ಅದರಲ್ಲಿ ಬರುವ ಅರಸನ ಹೆಸರುಗಳಿಂದ. ನೃಪತುಂಗ, ಅಮೋಘವರ್ಷ, ಅತಿಶಯಧವಳ ಎಂಬ ಹೆಸರುಗಳು ಗ್ರಂಥದಲ್ಲಿ ಅಲ್ಲಲ್ಲಿ ಬರುತ್ತವೆ. ಇವು ಬರಿಯ ಹೊಗಳಿಕೆಯ ಮಾತುಗಳಲ್ಲವೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಸಿರೂರಿನ ಶಾಸನ ಶಕ ೭೮೮ಕ್ಕೆ, ಅಂದರೆ ಕ್ರಿ.ಶ. ೮೬೬ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿಗೆ ಅದರಲ್ಲಿ ಇದೇ ಬಿರುದುಗಳಿವೆ. ಅಷ್ಟೇ ಅಲ್ಲ, ಅದು ಅವನ ಆಳ್ವಿಕೆಯ ೫೨ನೆಯ ವರ್ಷವೆಂದೂ ಹೇಳಿದೆ. ಹಿಂದಕ್ಕೆ ಎಣಿಸಿದರೆ ಪಟ್ಟವೇರಿದ್ದು ೮೧೪–೧೫ರ ಸುಮಾರಿಗೆ ಬರುತ್ತದೆ. ೮೭೧ರ ಸಂಜಾನ್ ತಾಮ್ರಪಟಗಳ ಹೊತ್ತಿಗೂ ಅವನು ಆಳುತ್ತಲೇ ಇದ್ದ. ಅವನ ಆಳ್ವಿಕೆ ೮೭೮ರ ಸುಮಾರಿಗೆ ಮುಗಿಯಿತೆಂದು ಇತಿಹಾಸಕಾರರು ಹೇಳುತ್ತಾರೆ.

ಇನ್ನೊಂದು ದಾರಿಯಿಂದ ನೋಡಿದರೂ ಇದೇ ಕಾಲ ಹೊಂದುತ್ತದೆ. ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಹೆಜ್ಜೆಹೆಜ್ಜೆಗೂ ಅನುಸರಿಸುತ್ತದೆ. ಭಾಮಹನ ಋಣವೂ ಇದೆ. ದಂಡಿಯ ಕಾಲ ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯದರ ಆದಿಯೆಂದು ಬಹುಮಂದಿ ಒಪ್ಪಿದ್ದಾರೆ. ಆದುದರಿಂದ ಗ್ರಂಥ ಅದಕ್ಕಿಂತ ಹಿಂದಿನದಾಗಲಾರದು. ಈಚೆಯ ಗಡಿಗೆ ದುರ್ಗಸಿಂಹನ ಪಂಚತಂತ್ರವಿದೆ, ಅದು ೧೦೩೧ರದು. ಅವನ ಸಾಕ್ಷ್ಯವನ್ನು ಮುಂದೆ ನೋಡೋಣ.

ಆದುದರಿಂದ ಕಾಲದ ವಿಷಯದಲ್ಲಿ ನಾವು ಧೈರ್ಯವಾಗಿ ಹೇಳಬಹುದಾದುದು ಇಷ್ಟು: ಗ್ರಂಥ ೮೧೪ ಮತ್ತು ೮೭೮ರ ನಡುವೆ ಹುಟ್ಟಿತು. ಹಾಗಾದರೆ ೮೫೦ ಎಂಬ ಅಂಕೆ ಎಲ್ಲಿಂದ ಬಂತು? ಈ ೬೪ ವರ್ಷಗಳ ನಡುಭಾಗದಲ್ಲಿ ನೆಟ್ಟ ಗುರುತಿನ ಕಲ್ಲು ಅದು. ವಿದ್ವಾಂಸರು ಅದರ ಹಿಂದೆ ‘ಸುಮಾರು’ ಎಂಬ ಪದವನ್ನು ತಪ್ಪದೆ ಇಟ್ಟಿದ್ದರು. ಪಠ್ಯಪುಸ್ತಕಕ್ಕೆ ಬರುವಾಗ ಅದು ‘ಸು.’ ಎಂದು ಕುಗ್ಗಿತು. ಕರಿಹಲಗೆಗೆ ಬರುವಾಗ ಆ ಒಂದಕ್ಷರವೂ ಅಳಿಸಿಹೋಯಿತು. ಅಳಿಸಿದವರು ಉಪಾಧ್ಯಾಯರಾದ ನಾವೇ.

೩. ಅರಸನ ಪಕ್ಷ

೧೮೯೮ರಲ್ಲಿ ಕೆ. ಬಿ. ಪಾಠಕರು ಈ ಗ್ರಂಥವನ್ನು ಮೊದಲು ಅಚ್ಚುಹಾಕಿಸಿದಾಗ ನೃಪತುಂಗನನ್ನೇ ಕರ್ತೃವೆಂದು ಪ್ರತಿಪಾದಿಸಿದರು. ಈ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಗ್ರಂಥದ ತುಂಬ ಅರಸನ ಹೆಸರಿದೆ. ಇಲ್ಲಿ ಹೇಳುವುದೆಲ್ಲ ಅವನ ಮಾರ್ಗ, ಅವನ ಮತ ಎಂದು ಮತ್ತೆ ಮತ್ತೆ ಬರುತ್ತದೆ. ಅವನು ವಿದ್ಯಾವಂತನಾಗಿದ್ದನೆಂಬುದಕ್ಕೂ ಪುರಾವೆಯುಂಟು. ಜಿನಸೇನಾಚಾರ್ಯರಲ್ಲಿ ಅವನಿಗಿದ್ದ ಭಕ್ತಿಯನ್ನು ಗುಣಭದ್ರರು ಉತ್ತರಪುರಾಣದಲ್ಲಿ ಹೇಳಿದ್ದಾರೆ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಅವನ ಸ್ತುತಿಯಿದೆ. ಶಾಕಟಾಯನನ ವ್ಯಾಕರಣದ ವೃತ್ತಿಗೆ ‘ಅಮೋಘವೃತ್ತಿ’ಯೆಂದೇ ಹೆಸರು. ಪ್ರಶ್ನೋತ್ತರರತ್ನಮಾಲಿಕೆಯೆಂಬ ಸಂಸ್ಕೃತದ ಕಿರುಗ್ರಂಥವೂ ಅವನ ಹೆಸರಿನಲ್ಲಿದೆ. ಇಂಥ ಅರಸ ಕನ್ನಡದಲ್ಲಿ ಒಂದು ಲಕ್ಷಣಗ್ರಂಥವನ್ನು ಬರೆದಿದ್ದರೆ ಆಶ್ಚರ್ಯವೇನು?

ಆದರೆ ಬರೆಯಬಲ್ಲವನಾಗಿದ್ದ ಎಂಬುದರಿಂದ ಬರೆದ ಎಂದು ಸಿದ್ಧವಾಗುವುದಿಲ್ಲ. ಪ್ರಶ್ನೋತ್ತರರತ್ನಮಾಲಿಕೆಯನ್ನೇ ಶಂಕರಾಚಾರ್ಯರದೆಂದೂ ವಿಮಲನೆಂಬವನದೆಂದೂ ಹೇಳುವ ಪರಂಪರೆಗಳಿವೆ. ಕರ್ತೃತ್ವವೇ ವಿವಾದದಲ್ಲಿರುವ ಒಂದು ಕೃತಿಯನ್ನು ಮತ್ತೊಂದರ ಕರ್ತೃತ್ವಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸಾಲಗಾರನನ್ನೇ ಜಾಮೀನಿಗೆ ಕರೆದಂತೆ.

ಎರಡನೆಯ ತೊಡಕು ಗ್ರಂಥದ ಆರಂಭದಲ್ಲಿಯೇ ಇದೆ. ಮೊದಲ ಪದ್ಯದಲ್ಲಿ ನೃಪತುಂಗನು ಲಕ್ಷ್ಮಿಯನ್ನೂ ಕೌಸ್ತುಭವನ್ನೂ ಎದೆಯಲ್ಲಿ ಧರಿಸಿದ ವಿಷ್ಣುವಿನಂತೆ ವರ್ಣಿತನಾಗಿದ್ದಾನೆ; ಉದಾರನೆಂದು ಹೊಗಳಿಸಿಕೊಂಡಿದ್ದಾನೆ. ಆಸ್ಥಾನಕವಿ ಹಾಗೆ ಬರೆದರೆ ಅದು ಸಂಪ್ರದಾಯ. ಅರಸನೇ ತನ್ನನ್ನು ಕುರಿತು ಹಾಗೆ ಬರೆದುಕೊಂಡಿದ್ದರೆ ಔಚಿತ್ಯವೆಲ್ಲಿ? ಯಾವ ಮಾತು ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂದು ಕಲಿಸಲು ಹೊರಟ ಗ್ರಂಥ ಅದು. ಮೊದಲ ಪದ್ಯದಲ್ಲಿಯೇ ಅದರ ಕರ್ತೃ ಆತ್ಮಸ್ತುತಿಗಿಳಿದನೆಂದು ನಂಬುವುದು ಕಷ್ಟ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪರಿಚ್ಛೇದಗಳ ಕೊನೆಯಲ್ಲಿ ಬರುವ ಒಂದೇ ಒಂದು ಪದ: ‘ನೃಪತುಂಗದೇವಾನುಮತ.’ ಅನುಮತ ಎಂದರೆ ಒಪ್ಪಿದುದು, ಸಮ್ಮತವಾದುದು. ‘ವಿರಚಿತ’ ಎಂದೋ ‘ಪ್ರಣೀತ’ ಎಂದೋ ಹೇಳಲು ಭಾಷೆಯಲ್ಲಿ ಪದಗಳ ಬಡತನವಿರಲಿಲ್ಲ. ದೋಷಾದೋಷಗಳನ್ನು ವಿವೇಚಿಸುವುದಕ್ಕೆ ಒಂದು ಪರಿಚ್ಛೇದ, ಶಬ್ದಾಲಂಕಾರಕ್ಕೆ ಒಂದು, ಅರ್ಥಾಲಂಕಾರಕ್ಕೆ ಒಂದು, ಹೀಗೆ ಮೂರನ್ನು ಪದಪದ ತೂಗಿ ಬರೆದ ಲಾಕ್ಷಣಿಕನು ತನ್ನ ಗ್ರಂಥದ ಮುದ್ರೆಯೊತ್ತುವಾಗ ಪದವನ್ನು ತೂಗದೆ ಇಟ್ಟಾನೆಯೆ?

೪. ಶ್ರೀವಿಜಯನ ಪಕ್ಷ

ಅನುಮೋದಿಸಿದವನು ಅರಸನಾದರೆ ರಚಿಸಿದವನು ಯಾರು? ೧೯೦೪ರಲ್ಲಿ ಫ್ಲೀಟ್ ಅವರು ಕವೀಶ್ವರನೆಂಬವನ ಹೆಸರನ್ನು ಮುಂದಿಟ್ಟರು. ಅನಂತರದ ಚರ್ಚೆಯಲ್ಲಿ ಶ್ರೀವಿಜಯನ ಹೆಸರೇ ಗಟ್ಟಿಯಾಗುತ್ತ ಬಂತು. ೧೯೩೦ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಎ. ವೆಂಕಟರಾವ್ ಮತ್ತು ಎಚ್. ಶೇಷಅಯ್ಯಂಗಾರ್ಯರ ಪರಿಷ್ಕರಣ ಬಂದಿತು. ಮುಳಿಯ ತಿಮ್ಮಪ್ಪಯ್ಯನವರು ‘ಕವಿರಾಜಮಾರ್ಗ ವಿವೇಕ’ವೆಂಬ ಗ್ರಂಥವನ್ನೇ ಬರೆದರು. ೧೯೬೮ರಲ್ಲಿ ಎಂ. ವಿ. ಸೀತಾರಾಮಯ್ಯನವರ ಆವೃತ್ತಿ ಹೊರಬಂತು. ಇಂದು ಬಹುಪಾಲು ವಿದ್ವಾಂಸರು ಶ್ರೀವಿಜಯನ ಕಡೆಗೇ ಒಲಿದಿದ್ದಾರೆ.

ಅವರ ಆಧಾರಗಳು ಎರಡು. ಮೊದಲನೆಯದು ದುರ್ಗಸಿಂಹನ ಮಾತು. ಪೂರ್ವಕವಿಗಳನ್ನು ಸ್ಮರಿಸುವಾಗ ಅವನು ಶ್ರೀವಿಜಯರ ‘ಕವಿಮಾರ್ಗ’ವನ್ನು ಹೊಗಳುತ್ತಾನೆ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ತನಗೆ ಪ್ರಮಾಣರಾದ ಕವಿಗಳ ಪಟ್ಟಿಯಲ್ಲಿ ಶ್ರೀವಿಜಯನನ್ನು ಸೇರಿಸಿದ್ದಾನೆ. ಆದರೆ ಕೃತಿಯ ಹೆಸರು ಹೇಳಿಲ್ಲ. ಎರಡನೆಯ ಆಧಾರ ಗ್ರಂಥದ ಒಳಗೇ ಬರುವ ‘ಶ್ರೀವಿಜಯಪ್ರಭೂತ’ ಎಂಬ ಸಮಾಸ. ಶ್ರೀವಿಜಯನಿಂದ ಹುಟ್ಟಿದುದು ಎಂಬುದು ಅದರ ನೇರವಾದ ಅರ್ಥ.

ಈ ಪಕ್ಷಕ್ಕೂ ತೊಡಕುಗಳಿಲ್ಲವೆಂದಲ್ಲ. ದುರ್ಗಸಿಂಹ ಹೇಳಿದ್ದು ‘ಕವಿಮಾರ್ಗ’. ನಮ್ಮ ಕೈಯಲ್ಲಿರುವುದು ‘ಕವಿರಾಜಮಾರ್ಗ’. ಎರಡೂ ಒಂದೇ ಎಂದು ಹೇಗೆ ನಂಬುವುದು? ಪದ್ಯದಲ್ಲಿ ಗ್ರಂಥಗಳ ಹೆಸರನ್ನು ಮೊಟಕುಮಾಡುವುದು ಕವಿಗಳ ವಾಡಿಕೆಯೆಂದು ಇದಕ್ಕೆ ಸಮಾಧಾನ ಹೇಳಬಹುದು. ‘ಶ್ರೀವಿಜಯಪ್ರಭೂತ’ವನ್ನೂ ಸಿರಿಯಿಂದ ಕೂಡಿದ ಗೆಲುವಿನಿಂದ ಹುಟ್ಟಿದುದು ಎಂದು ಬಿಡಿಸಲು ವ್ಯಾಕರಣ ಅಡ್ಡಬರುವುದಿಲ್ಲ. ಶ್ಲೇಷವನ್ನು ಬಲ್ಲ ಕವಿ ತನ್ನ ಹೆಸರನ್ನು ಹೀಗೆ ಮರೆಮಾಡಿ ಇಟ್ಟನೆನ್ನುವುದು ಸುಂದರವಾದ ಊಹೆ. ಆದರೂ ಅದು ಊಹೆಯೇ.

ಇವೆರಡಕ್ಕಿಂತ ಕಠಿಣವಾದುದು ಇನ್ನೊಂದಿದೆ. ಕವಿರಾಜಮಾರ್ಗ ತನಗಿಂತ ಹಿಂದಿನ ಕನ್ನಡ ಲೇಖಕರನ್ನು ಹೆಸರಿಸುತ್ತದೆ. ಗದ್ಯದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು. ಪದ್ಯಕವಿಗಳಲ್ಲಿ ಮೊದಲ ಹೆಸರೇ ಶ್ರೀವಿಜಯನದು! ಕರ್ತೃವೇ ತನ್ನನ್ನು ಹಳೆಯ ಕವಿಗಳ ಪಂಕ್ತಿಯಲ್ಲಿ ಅಗ್ರಸ್ಥಾನದಲ್ಲಿ ಕೂಡಿಸಿಕೊಂಡನೆ? ಆತ್ಮಸ್ತುತಿ ಅರಸನಿಗೆ ಒಪ್ಪದೆಂದು ಮೇಲೆ ವಾದಿಸಿದ ನಾವು ಇಲ್ಲಿ ಕಣ್ಣುಮುಚ್ಚಿಕೊಳ್ಳುವುದು ನ್ಯಾಯವಲ್ಲ. ಫ್ಲೀಟರ ಕವೀಶ್ವರನಿಗೂ ಇದೇ ಗತಿ. ಅವನೂ ಅದೇ ಪಟ್ಟಿಯಲ್ಲಿ ಕುಳಿತಿದ್ದಾನೆ.

ಪರಿಹಾರ ಎರಡು ಬಗೆಯಲ್ಲಿ ಸಾಧ್ಯ. ಶ್ರೀವಿಜಯರು ಇಬ್ಬರೆಂದು ತಿಳಿಯುವುದು ಒಂದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ನಾಡಿನಲ್ಲಿ ಇದು ಅಸಂಭವವಲ್ಲ. ಆದರೆ ತೊಡಕು ಬಂದಾಗಲೆಲ್ಲ ಒಬ್ಬನನ್ನು ಇಬ್ಬರಾಗಿಸುವುದು ಸಂಶೋಧಕರ ಸುಲಭೋಪಾಯವೂ ಹೌದು. ಎರಡನೆಯದು, ಗ್ರಂಥಕ್ಕೆ ಅರಸನೇ ಮಾತನಾಡುತ್ತಿರುವ ರೂಪವನ್ನು ಕೊಟ್ಟು ಶ್ರೀವಿಜಯನು ಬರೆದನೆಂದು ತಿಳಿಯುವುದು. ಹಾಗಾದರೆ ಆ ಪಟ್ಟಿ ಕವಿಯ ಬಾಯಿಂದ ಬಂದುದಲ್ಲ. ಅರಸನ ಮತವಾಗಿ ಬಂದುದು. ತನ್ನ ಆಸ್ಥಾನದ ಕವಿಗೆ ಪಟ್ಟಿಯಲ್ಲಿ ಮೊದಲ ಮಣೆ ಹಾಕಿಸುವುದು ಅರಸನಿಗೆ ಸಹಜವೇ. ಈ ಎರಡನೆಯ ವಿವರಣೆ ‘ಅನುಮತ’ವೆಂಬ ಪದಕ್ಕೂ ಹೊಂದುತ್ತದೆ, ಆರಂಭದ ಸ್ತುತಿಗೂ ಹೊಂದುತ್ತದೆಯೆಂಬುದು ನನ್ನ ನಮ್ರ ಅಭಿಪ್ರಾಯ. ಮತ ಅರಸನದು, ಕೈ ಶ್ರೀವಿಜಯನದು.

೫. ಹೊರನಾಡಿನ ನಿದರ್ಶನಗಳು

ಇಂಥ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ದಂಡಿಯ ಅದೇ ಕಾವ್ಯಾದರ್ಶವನ್ನು ಆಧರಿಸಿ ಸಿಂಹಳ ಭಾಷೆಯಲ್ಲಿ ‘ಸಿಯಬಸ್ಲಕರ’ವೆಂಬ ಲಕ್ಷಣಗ್ರಂಥ ಹುಟ್ಟಿತು. ಅದರ ಕರ್ತೃತ್ವವೂ ಒಬ್ಬ ಅರಸನ ಹೆಸರಿನಲ್ಲಿದೆ. ಅವನು ಒಂಬತ್ತನೆಯ ಶತಮಾನದ ಒಂದನೆಯ ಸೇನನೆಂದು ಹಲವರು ಗುರುತಿಸಿದ್ದಾರೆ. ಅಂದರೆ ನಮ್ಮ ನೃಪತುಂಗನ ಸಮಕಾಲೀನ! ಒಂದೇ ಮೂಲ, ಒಂದೇ ಶತಮಾನ, ಎರಡು ದೇಶ, ಎರಡರ ನೆತ್ತಿಯ ಮೇಲೂ ರಾಜಮುದ್ರೆ. ದೇಶಭಾಷೆಯಲ್ಲಿ ಮೊದಲ ಲಕ್ಷಣಗ್ರಂಥವನ್ನು ನಿಲ್ಲಿಸಲು ಅರಸನ ಸಮ್ಮತಿ ಬೇಕಾಗಿತ್ತೆಂದು ಇದರಿಂದ ಊಹಿಸಬಹುದು. ತಮಿಳಿನಲ್ಲಿ ಇದೇ ಗ್ರಂಥವನ್ನು ಅನುಸರಿಸಿದ ‘ದಂಡಿಯಲಂಕಾರಂ’ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ. ಅಲ್ಲಿ ಮೂಲದ ಆಚಾರ್ಯನ ಹೆಸರೇ ಕೃತಿಗೆ ಅಂಟಿಕೊಂಡಿತು.

ದೂರದ ಲ್ಯಾಟಿನ್ ಭಾಷೆಯ ಕಥೆಯೂ ಕೇಳತಕ್ಕದ್ದು. ಹೆರೆನ್ನಿಯಸನೆಂಬವನನ್ನು ಉದ್ದೇಶಿಸಿ ಬರೆದ ಒಂದು ವಾಗ್ಮಿತಾಶಾಸ್ತ್ರದ ಗ್ರಂಥವನ್ನು ಸುಮಾರು ಸಾವಿರ ವರ್ಷಗಳಿಗೂ ಮಿಕ್ಕಿ ಯುರೋಪಿನ ಪಾಠಶಾಲೆಗಳಲ್ಲಿ ಸಿಸೆರೋವಿನದೆಂದು ಓದುತ್ತಿದ್ದರು. ಹದಿನೈದನೆಯ ಶತಮಾನದ ಕೊನೆಗೆ ಇಟಲಿಯ ರೆಗಿಯಸ್ ಎಂಬ ವಿದ್ವಾಂಸ ಅದು ಅವನದಲ್ಲವೆಂದು ವಾದಿಸಿದ. ಕ್ವಿಂಟಿಲಿಯನ್ ಹೆಸರಿಸುವ ಕಾರ್ನಿಫಿಸಿಯಸನೇ ಅದರ ಕರ್ತೃವಿರಬಹುದೆಂದು ಕೆಲವರು ಹೇಳಿದರು; ಇಂದಿಗೂ ನಿರ್ಣಯವಾಗಿಲ್ಲ. ಆದರೆ ಗ್ರಂಥದೊಳಗೆ ಉದಾಹರಣೆಯಾಗಿ ಬರುವ ರಾಜಕೀಯ ಘಟನೆಗಳಿಂದ ಅದು ಕ್ರಿಸ್ತಪೂರ್ವ ೮೬ರಿಂದ ೮೨ರ ಆಸುಪಾಸಿನದೆಂದು ಬಹುಮಟ್ಟಿಗೆ ಗೊತ್ತಾಗಿದೆ. ಕರ್ತೃವಿನ ಹೆಸರು ಬಿದ್ದುಹೋಯಿತು, ಕಾಲ ನಿಂತಿತು. ಹಾಗೆಯೇ ಕ್ವಿಂಟಿಲಿಯನ್ನನ ಹೆಸರಿನಲ್ಲಿ ಉಳಿದುಬಂದ ೧೯ ದೊಡ್ಡ ಭಾಷಣಗಳಿವೆ. ಅವು ಶಾಲೆಯಲ್ಲಿ ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡ ವ್ಯಾಜ್ಯಗಳ ವಾದಗಳು, ಬೇರೆ ಬೇರೆ ಕೈಗಳಿಂದ ಬಂದವು ಎಂದು ಈಗಿನ ವಿದ್ವಾಂಸರ ಅಭಿಪ್ರಾಯ. ಬೇರೆಯವರ ಬರೆಹ ಗುರುವಿನ ಖಾತೆಗೆ ಜಮೆಯಾಯಿತು! ದೊಡ್ಡ ಹೆಸರು ಅಯಸ್ಕಾಂತವಿದ್ದಂತೆ. ಹತ್ತಿರದ ಒಡೆಯನಿಲ್ಲದ ಕೃತಿಗಳನ್ನೆಲ್ಲ ತನ್ನೆಡೆಗೆ ಸೆಳೆದುಕೊಳ್ಳುತ್ತದೆ.

೬. ನಮ್ಮ ನೆಲದ ಮಾತು

ಹೊಸೂರು, ಕೃಷ್ಣಗಿರಿ ಪ್ರಾಂತದ ಉಪಾಧ್ಯಾಯರಿಗೆ ಈ ಚರ್ಚೆಯಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಪ್ರಯೋಜನವಿದೆ. ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡ ನಾಡು ಎಂಬ ಕವಿರಾಜಮಾರ್ಗದ ಮಾತು ನಮ್ಮ ಸಭೆಗಳಲ್ಲಿ ಕೇಳಿಬರದ ದಿನವಿಲ್ಲ. ಕಾವೇರಿ ನಮ್ಮ ಪಕ್ಕದಲ್ಲೇ ಹೊಗೇನಕಲ್ಲಿನಲ್ಲಿ ಧುಮುಕುವುದರಿಂದ ಆ ಮಾತಿನಲ್ಲಿ ನಾವೂ ಸೇರಿದ್ದೇವೆಂದು ಹೆಮ್ಮೆಪಡುತ್ತೇವೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲೇ ಉಳಿದ ನಮಗೆ ಆ ಪದ್ಯ ಒಂದು ಆಸರೆಯಾಯಿತು. ಹಾಗಿರುವಾಗ ‘ನೃಪತುಂಗ ಬರೆದುದಲ್ಲ’ ಎಂದರೆ ಆಸರೆಯ ಕಂಬವನ್ನೇ ಅಲುಗಿಸಿದಂತೆ ಕೆಲವು ಮಿತ್ರರಿಗೆ ತೋರುತ್ತದೆ.

ಈ ಅಂಜಿಕೆಗೆ ಕಾರಣವಿಲ್ಲ. ಆ ಮಾತಿಗೆ ಬೆಲೆ ಬಂದುದು ಅದನ್ನು ಬರೆದವನ ಕಿರೀಟದಿಂದಲ್ಲ, ಅದು ಒಂಬತ್ತನೆಯ ಶತಮಾನದ ಮಾತಾಗಿರುವುದರಿಂದ. ಆ ಕಾಲನಿರ್ಣಯ ಕರ್ತೃತ್ವದ ವಿವಾದದಿಂದ ಒಂದು ಕೂದಲಷ್ಟೂ ಅಲುಗುವುದಿಲ್ಲ. ಅಲ್ಲದೆ, ಎರಡು ನದಿಗಳ ಹೆಸರು ಹೇಳಿದ ಕವಿ ಸರ್ವೇ ಇಲಾಖೆಯ ಸರಪಳಿ ಹಿಡಿದು ಹೊರಟವನಲ್ಲ. ತಿರುಳ್ಗನ್ನಡದ ನಾಡೆಂದು ಅವನು ಗುರುತಿಸಿದುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಪ್ರದೇಶವನ್ನು. ನಾವು ಆ ತಿರುಳಿನವರಲ್ಲ, ಅಂಚಿನವರು. ಅದನ್ನು ಒಪ್ಪಿಕೊಳ್ಳುವುದರಲ್ಲಿ ಕುಂದಿಲ್ಲ.

ನಮ್ಮ ನೆಲಕ್ಕೆ ಸಾಕ್ಷಿ ಬೇಕಾದರೆ ಅದು ನಮ್ಮ ನೆಲದಲ್ಲಿಯೇ ಇದೆ. ತಗಡೂರು ಎಂಬುದು ಧರ್ಮಪುರಿಯ ಹಳೆಯ ಹೆಸರು. ಅಲ್ಲಿಯ ನೊಳಂಬ ಮಹೇಂದ್ರನ ಕನ್ನಡ ಶಾಸನ ಶಕ ೮೧೫ರದು, ಅಂದರೆ ಕ್ರಿ.ಶ. ೮೯೩ರದು. ನಿಧಿಯಣ್ಣ, ಚಂಡಿಯಣ್ಣ ಎಂಬ ಸೆಟ್ಟಿಯ ಮಕ್ಕಳು ಕಟ್ಟಿಸಿದ ಬಸದಿಯನ್ನೂ, ಕನಕಸೇನ ಸಿದ್ಧಾಂತಭಟಾರರಿಗೆ ಬಿಟ್ಟ ದತ್ತಿಯನ್ನೂ ಅದು ಹೇಳುತ್ತದೆ. ನೃಪತುಂಗನ ಆಳ್ವಿಕೆ ಮುಗಿದು ಹದಿನೈದೇ ವರ್ಷಕ್ಕೆ ಕೆತ್ತಿದ ಕಲ್ಲು! ಇದರಲ್ಲಿ ಕಾಲಕ್ಕೆ ‘ಸುಮಾರು’ ಬೇಡ, ದಾನಿಗೆ ಊಹೆ ಬೇಡ. ಇದೇ ಪ್ರಾಂತದಲ್ಲಿ ವಟ್ಟೆಳುತ್ತು ಲಿಪಿಯ ತಮಿಳು ವೀರಗಲ್ಲುಗಳೂ ಇವೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಎರಡು ನುಡಿಗಳು ಇಲ್ಲಿ ಸಾವಿರ ವರ್ಷಗಳಿಂದ ನೆರೆಮನೆಯವಾಗಿವೆ. ಹೀಗಿರಲು, ನಮ್ಮ ವಿದ್ಯಾರ್ಥಿಗಳನ್ನು ಶಾಸನದ ಪ್ರತಿಯ ಮುಂದೆ ಕೂರಿಸಿ ಒಂದೊಂದೇ ಅಕ್ಷರ ಓದಿಸುವುದು ವೇದಿಕೆಯ ಮೇಲೆ ಪದ್ಯವನ್ನು ಹತ್ತು ಸಲ ಹೇಳುವುದಕ್ಕಿಂತ ಹೆಚ್ಚಿನ ಸೇವೆ.

೭. ಉಪಸಂಹಾರ

ಇಷ್ಟು ವಿವೇಚನೆಯ ಫಲವಾಗಿ ತರಗತಿಯಲ್ಲಿ ನಾವು ಹೇಳಬೇಕಾದ ಮಾತು ಹೀಗಿರಬಹುದು: ‘ಕವಿರಾಜಮಾರ್ಗವು ರಾಷ್ಟ್ರಕೂಟ ನೃಪತುಂಗನ ಆಳ್ವಿಕೆಯಲ್ಲಿ, ಅವನ ಸಮ್ಮತಿಯಿಂದ, ಬಹುಶಃ ಶ್ರೀವಿಜಯನೆಂಬ ಕವಿಯಿಂದ ರಚಿತವಾಯಿತು.’ ಹಿಂದಿನದಕ್ಕಿಂತ ಇದು ಉದ್ದವಾದ ವಾಕ್ಯವೇ ಸರಿ. ಆದರೆ ಇದರಲ್ಲಿ ಖಚಿತವಾದುದು ಖಚಿತವಾಗಿಯೂ ಊಹೆಯಾದುದು ಊಹೆಯಾಗಿಯೂ ನಿಂತಿದೆ. ‘ಬಹುಶಃ’ ಎಂಬ ಪದವನ್ನು ಮಕ್ಕಳ ಮುಂದೆ ಉಚ್ಚರಿಸಲು ಉಪಾಧ್ಯಾಯನು ನಾಚಬೇಕಾಗಿಲ್ಲ. ಕನ್ನಡದ ದೇಸಿ ಬೇರೆ ಬೇರೆಯಾಗಿರುವುದರಿಂದ ಅದರ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎಂಬ ಭಾವವನ್ನು ಈ ಗ್ರಂಥವೇ ಹೇಳಿದೆ. ತನಗೆ ತಿಳಿಯದ್ದು ಉಂಟೆಂದು ಒಪ್ಪಿಕೊಳ್ಳುವುದನ್ನು ನಮ್ಮ ಮೊದಲ ಶಿಕ್ಷಕನೇ ನಮಗೆ ಕಲಿಸಿಕೊಟ್ಟಿದ್ದಾನೆ.

ನಾನು ತಪ್ಪು ಹಾಕಿದ ಆ ಉತ್ತರಪತ್ರಿಕೆ ಈಗ ಎಲ್ಲಿದೆಯೋ ತಿಳಿಯದು. ಮತ್ತೆ ಕೈಗೆ ಬಂದರೆ ಪೂರ್ಣಾಂಕ ಕೊಟ್ಟು, ಅದರ ಕೆಳಗೆ ಇನ್ನೊಂದು ಪ್ರಶ್ನೆ ಬರೆಯುತ್ತೇನೆ: ‘ನಿನಗೆ ಹೇಗೆ ಗೊತ್ತಾಯಿತು?’ ‘ನೃಪತುಂಗ’ ಎಂದು ಬರೆದು ಅಂಕ ಪಡೆದ ಉಳಿದ ಹುಡುಗರ ಪತ್ರಿಕೆಗಳ ಕೆಳಗೂ ಅದೇ ಪ್ರಶ್ನೆಯನ್ನು ಬರೆಯಬೇಕಾಗುತ್ತದೆ.